ಎಮ್ಮೆ ನಡೆದ ದಾರಿ ನಕಾಶೆಯಲ್ಲಿ ಉಳಿಯಲಿ



ಕಳೆದ ಮಳೆಗಾಲದಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹಲಕುಂದಿ ಕಡೆಯ ಒಂದು ಊರಿಗೆ ಹೋಗಿದ್ದೆ. ಬೆಳಗಿನ ಹಾಲು ಅಳೆಯುವ ಹೊತ್ತು. ಬೆನ್ನಿಗೆ ಚೀಲ ಏರಿಸಿಕೊಂಡ ನಾಲ್ಕು ಜನ ಹುಡುಗ ಹುಡುಗಿಯರು ಡೇರಿಯ ಮುಂದೆ ಬೈಕು ನಿಲ್ಲಿಸಿ, "ಮೇಡಂ, ಗುಡ್ಡಕ್ಕೆ ಟ್ರೆಕ್ಕಿಂಗ್ ಹೋಗೋ ದಾರಿ ಯಾವುದು?" ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಕ್ಯಾನು ಹಿಡಿದು ನಿಂತಿದ್ದ ಹಿರಿಯಾಕೆಯೊಬ್ಬರು ನಗುತ್ತಾ ಹೇಳಿದರು: "ಟ್ರೆಕ್ಕಿಂಗ್ ದಾರಿ ನನಗ ಗೊತ್ತಿಲ್ಲಪ್ಪ. ಎಮ್ಮಿ ಹೋಗೋ ದಾರಿ ಐತಿ. ಅದನ್ನ ಹಿಡಕೊಂಡು ಹೋದ್ರ ಗುಡ್ಡದ ಮ್ಯಾಲೆ ಹೋಗ್ತೀರಿ. ಆದ್ರ ಈಗ ಅಲ್ಲಿ ತಂತಿ ಹಾಕ್ಯಾರ, ನಮ್ಮ ಎಮ್ಮೀನೂ ಹೋಗಂಗಿಲ್ಲ."

ಹುಡುಗರು ಬೇರೆ ಗುಡ್ಡ ಹುಡುಕಿಕೊಂಡು ಹೋದರು. ಆ ತಾಯಿಗೆ ಬೇರೆ ದಾರಿ ಇರಲಿಲ್ಲ. ಗುಡ್ಡದ ಬುಡದ ಹಳ್ಳಕ್ಕೆ ಎಮ್ಮೆಗಳನ್ನು ಹೊಡೆದುಕೊಂಡು ಹೋಗಲು ಅವರು ಲಾರಿ ಓಡಾಡುವ ದೊಡ್ಡ ರಸ್ತೆ ಹಿಡಿದರು. ಎರಡು ತಿಂಗಳು ಕಳೆದಿರಲಿಲ್ಲ, ಒಂದು ಸಂಜೆ ನನಗೆ ಫೋನ್ ಬಂತು. ನಾನು ಮುಟ್ಟುವ ಹೊತ್ತಿಗೆ ಎಮ್ಮೆ ರಸ್ತೆಯ ಪಕ್ಕದಲ್ಲಿ ಬಿದ್ದಿತ್ತು. ಹಿಂಗಾಲಿನ ತೊಡೆಯ ಮೂಳೆ ಮುರಿದಿತ್ತು. ಐನೂರು ಕಿಲೋ ತೂಗುವ ಪ್ರಾಣಿಗೆ ಆ ಮೂಳೆ ಮುರಿದರೆ ನಮ್ಮ ಕೈಯಲ್ಲಿ ಮಾಡಲು ಹೆಚ್ಚೇನೂ ಇರುವುದಿಲ್ಲ. ಎರಡು ಹೊತ್ತು ಸೇರಿ ಏಳು ಲೀಟರ್ ಕೊಡುತ್ತಿದ್ದ ಎಮ್ಮೆ ಅದು. ವಿಮೆ ಮಾಡಿಸಿದ್ದರು. ಆದರೆ ಕಿವಿಯೋಲೆ ಎಂದೋ ಕಿತ್ತು ಬಿದ್ದಿತ್ತು, ಹೊಸದು ಹಾಕಿಸಿರಲಿಲ್ಲ. ಓಲೆ ಇಲ್ಲದೆ ಪರಿಹಾರದ ಕಾಗದ ಮುಂದಕ್ಕೆ ಹೋಗುವುದಿಲ್ಲ.

ಲಾರಿಯವನದು ತಪ್ಪು ಎಂದು ಅಲ್ಲಿ ಸೇರಿದ ಎಲ್ಲರೂ ಹೇಳಿದರು. ಇರಬಹುದು. ನನಗೆ ಮಾತ್ರ ಆ ತಂತಿಯೇ ಕಣ್ಣ ಮುಂದೆ ಬಂತು. ಅಜ್ಜಿ, ಮುತ್ತಜ್ಜಿಯರ ಕಾಲದಿಂದ ದನ ನಡೆದ ದಾರಿಯನ್ನು ಒಂದು ದಿನ ಯಾರೋ ಮುಚ್ಚಿದರು, ಯಾರೂ ಕೇಳಲಿಲ್ಲ. ಆ ಎಮ್ಮೆ ಕಾಲು ಮುರಿದುಕೊಂಡದ್ದು ಅಲ್ಲಿಂದಲೇ ಶುರು.

ಅದಕ್ಕೆ ಈ ಸಂಚಿಕೆಯಲ್ಲಿ ಮೇವು, ಖನಿಜ ಮಿಶ್ರಣ, ಕೆಚ್ಚಲು ಬಾವು ಬಿಟ್ಟು ದಾರಿಯ ವಿಷಯ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ನಿಮ್ಮ ಊರಿನ ದನದ ದಾರಿ, ಬಂಡಿದಾರಿ, ಕಾಲುದಾರಿ ಎಲ್ಲೆಲ್ಲಿವೆ ಎಂದು ನಿಮ್ಮ ಮಹಿಳಾ ಸಂಘವೇ ಮುಂದೆ ನಿಂತು ಗುರುತಿಸಿ, ಅಳತೆ ಮಾಡಿಸಿ ಉಳಿಸಿಕೊಳ್ಳಬೇಕು. ಪಟ್ಟಣದವರು ಗುಡ್ಡ ಹತ್ತಲು ಬಂದರೂ ಸರಿ, ಬರದಿದ್ದರೂ ಸರಿ.

ಈ ದಾರಿಗಳಿಗೆ ಎಷ್ಟು ವಯಸ್ಸು?

ನಮ್ಮ ಬಳ್ಳಾರಿ ಸೀಮೆಯಲ್ಲಿ ದನ ಮತ್ತು ಗುಡ್ಡದ ನಂಟು ಇಂದಿನದಲ್ಲ. ಬಳ್ಳಾರಿ ನಗರದ ಪಕ್ಕದಲ್ಲೇ ಸಂಗನಕಲ್ಲು, ಕುಪ್ಪಗಲ್ಲು ಗುಡ್ಡಗಳಿವೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ 1872ರಲ್ಲಿ ಅಲ್ಲಿ ಶಿಲಾಯುಗದ ನೆಲೆಯನ್ನು ಗುರುತಿಸಿದರು. ಬಳ್ಳಾರಿಯಲ್ಲಿರುವ ಪ್ರಾಚ್ಯವಸ್ತು ಸಂಗ್ರಹಾಲಯಕ್ಕೆ ಅವರದೇ ಹೆಸರಿದೆ. ಕುಪ್ಪಗಲ್ಲಿನ ಕಪ್ಪು ಬಂಡೆಗಳ ಮೇಲೆ ಕಲ್ಲಿನಿಂದ ಕುಟ್ಟಿ ಮೂಡಿಸಿದ ಚಿತ್ರಗಳಿವೆ. ಅವುಗಳಲ್ಲಿ ಹೆಚ್ಚಿನವು ಉದ್ದ ಕೊಂಬಿನ, ಹಿಣಿಲಿರುವ ದನಗಳೇ. ಅಲ್ಲಿ ಬದುಕಿದ್ದ ಜನ ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕಿಕೊಂಡಿದ್ದವರು.

ಹೊಸಪೇಟೆ ರಸ್ತೆಯ ಕುಡತಿನಿಯ ಹತ್ತಿರದ ಬೂದಿಗುಡ್ಡವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಇಂಥ ಬೂದಿಯ ದಿಬ್ಬಗಳಿಗೆ ನಮ್ಮ ಜನ ಪುರಾಣದ ಕಥೆ ಹೇಳುತ್ತಾರೆ. ಹಂಪಿ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಸಂಶೋಧಕರು ಅಗೆದು, ಪರೀಕ್ಷಿಸಿ ಕಂಡುಕೊಂಡದ್ದು ಏನೆಂದರೆ, ಇವು ಸುಟ್ಟ ಸಗಣಿಯ ರಾಶಿಗಳು. ದನದ ದೊಡ್ಡಿಯಲ್ಲಿ ವರ್ಷವರ್ಷ ಸೇರಿದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು ಆದ ಗುಡ್ಡ. ಉಟ್ನೂರು ಎಂಬಲ್ಲಿ ಅಂಥ ಒಂದು ದಿಬ್ಬವನ್ನು ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು.

ಇದನ್ನು ಹೇಳಿದ್ದು ಹೆಮ್ಮೆ ಪಡಲಿ ಎಂದು ಮಾತ್ರವಲ್ಲ. ದೊಡ್ಡಿ ಇತ್ತು ಎಂದರೆ ದೊಡ್ಡಿಯಿಂದ ನೀರಿಗೆ, ನೀರಿನಿಂದ ಮೇವಿಗೆ ಹೋಗುವ ದಾರಿಯೂ ಇತ್ತು. ದನ ಸುಮ್ಮನೆ ಎಲ್ಲೆಂದರಲ್ಲಿ ನಡೆಯುವುದಿಲ್ಲ. ಗುಡ್ಡ ಹತ್ತುವಾಗ ನೇರ ಏರಿಗೆ ಹೋಗದೆ ಸುತ್ತಿ ಸುತ್ತಿ, ಕಾಲಿಗೆ ಹಗುರವಾದ ಇಳಿಜಾರು ಹುಡುಕಿ ನಡೆಯುತ್ತದೆ. ಒಂದರ ಹಿಂದೆ ಒಂದು ಹೋಗಿ ಸವೆದ ಆ ಗೆರೆಯೇ ಮನುಷ್ಯರಿಗೂ ಸುಲಭದ ದಾರಿ. ಕುರುಗೋಡಿನ ಗುಂಡುಗಲ್ಲಿನ ಗುಡ್ಡವಿರಲಿ, ಸಂಡೂರಿನ ಕಾಡಿನ ಅಂಚಿರಲಿ, ಸಿರುಗುಪ್ಪ ತಾಲೂಕಿನ ತುಂಗಭದ್ರೆಯ ದಂಡೆಯಿರಲಿ, ಹಗರಿ ಹೊಳೆಯ ಮರಳಿರಲಿ, ಇಂದು ಚಾರಣಕ್ಕೆ ಬರುವವರು "ಎಷ್ಟು ಚೆನ್ನಾಗಿದೆ" ಎನ್ನುವ ಕಾಲುದಾರಿಗಳಲ್ಲಿ ಬಹಳಷ್ಟನ್ನು ಮೊದಲು ತುಳಿದದ್ದು ದನ, ಕುರಿ ಮತ್ತು ಅವುಗಳ ಹಿಂದೆ ನಡೆದ ಹೆಂಗಸರು, ಮಕ್ಕಳು.

ಕೊಟ್ಟಿಗೆಯಲ್ಲೇ ಮೇಯಿಸಿ ಅಂತೀರಿ, ದಾರಿ ಯಾಕೆ?

ಈ ಪ್ರಶ್ನೆಯನ್ನು ನೀವು ಕೇಳುತ್ತೀರಿ, ಕೇಳಬೇಕು ಕೂಡ. ಮಿಶ್ರತಳಿ ಹಸುವನ್ನು ಬಿಸಿಲಲ್ಲಿ ಅಲೆಸಬೇಡಿ, ಹಸಿಮೇವು ಕತ್ತರಿಸಿ ಮುಂದೆ ಹಾಕಿ ಎಂದು ತರಬೇತಿಯಲ್ಲಿ ಹೇಳುವವಳು ನಾನೇ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿಲ್ಲ. ಹಾಲು ಕೊಡುವ ಎಚ್‌ಎಫ್ ಹಸುವನ್ನು ಬಳ್ಳಾರಿಯ ಬೇಸಿಗೆಯಲ್ಲಿ ನಾಲ್ಕು ಕಿಲೋಮೀಟರ್ ನಡೆಸಿದರೆ ಸಂಜೆಯ ಹಾಲು ಇಳಿಯುತ್ತದೆ.

ಆದರೆ ಕೊಟ್ಟಿಗೆಯಲ್ಲಿ ಸಾಕುವುದು ಎಂದರೆ ವರ್ಷಪೂರ್ತಿ ಒಂದೇ ಗೂಟಕ್ಕೆ, ಒಂದೇ ಮೊಳದ ಹಗ್ಗಕ್ಕೆ ಕಟ್ಟುವುದಲ್ಲ. ನಡೆಯದ ದನದ ಗೊರಸು ಸವೆಯುವುದಿಲ್ಲ. ಮುಂದಕ್ಕೆ ಬೆಳೆದು ಚಪ್ಪಲಿಯಂತೆ ಮೇಲಕ್ಕೆ ಬಾಗುತ್ತದೆ. ದನ ಹಿಮ್ಮಡಿಯ ಮೇಲೆ ಭಾರ ಹಾಕುತ್ತದೆ, ಕಾಲು ನೋವಿಗೆ ಮೇವು ಬಿಡುತ್ತದೆ, ಹಾಲು ಕಡಿಮೆಯಾಗುತ್ತದೆ. ಇಂಥ ಹಸುಗಳನ್ನು ನಾನು ವಾರಕ್ಕೊಂದಾದರೂ ನೋಡುತ್ತೇನೆ.

ಎರಡನೆಯದು ಬೆದೆ. ಎಮ್ಮೆಯ ಬೆದೆ ಮೂಕ ಬೆದೆ ಎಂದು ನಿಮಗೆ ಗೊತ್ತು. ಒಂಟಿಯಾಗಿ ಕಟ್ಟಿದ್ದರೆ ಅದು ಬೆದೆಗೆ ಬಂದದ್ದೇ ತಿಳಿಯುವುದಿಲ್ಲ. ನಾಲ್ಕಾರು ದನದ ಜೊತೆ ಅರ್ಧ ತಾಸು ನಡೆಸಿದರೆ ಒಂದರ ಮೇಲೊಂದು ಹತ್ತುವುದು, ಮೂಸುವುದು, ಬಾಲ ಎತ್ತುವುದು, ಲೋಳೆ ಹಾಕುವುದು ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬಹುದು. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ 21 ದಿನದ ಮೇವು, ಹಿಂಡಿ ಎಲ್ಲವೂ ನಿಮ್ಮ ಕೈಯಿಂದಲೇ.

ಮೂರನೆಯದು ಗೊಡ್ಡು ಬಿದ್ದ ದನ, ಪಡ್ಡೆ, ಕಡಸು, ಎಮ್ಮೆಗಳಿಗೆ ಹಳ್ಳದ ನೀರು ಮತ್ತು ಗುಡ್ಡದ ಹುಲ್ಲು. ಎಮ್ಮೆಯ ಕಪ್ಪು ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ. ಅದಕ್ಕೇ ಅದು ನೀರು ಹುಡುಕುತ್ತದೆ. ಬಿಸಿಲಿಗೆ ಬೆಂದ ಎಮ್ಮೆ ಹಾಲು ಕಡಿಮೆ ಮಾಡುವುದಷ್ಟೇ ಅಲ್ಲ, ಬೆದೆಗೂ ಬರುವುದಿಲ್ಲ.

ಕೊನೆಯದು ನೀವು. ದನ ಹೋಗದ ದಿನವೂ ಆ ದಾರಿಯಲ್ಲಿ ನೀವು ಹೋಗುತ್ತೀರಿ. ತಲೆಯ ಮೇಲೆ ಹುಲ್ಲಿನ ಹೊರೆ, ಸೊಪ್ಪೆಯ ಹೊರೆ ಹೊತ್ತು ಬರುವುದು ಆ ದಾರಿಯಲ್ಲೇ. ನಸುಕಿನಲ್ಲಿ ಕ್ಯಾನು ಹಿಡಿದು ಹೊಲದ ಮನೆಯಿಂದ ಡೇರಿಗೆ ಬರುವುದೂ ಅದೇ ದಾರಿ. ಅದು ಮುಚ್ಚಿದರೆ ತಲೆಯ ಮೇಲೆ ಹೊರೆ ಹೊತ್ತ ಹೆಂಗಸು ದೊಡ್ಡ ರಸ್ತೆಯ ಅಂಚಿನಲ್ಲಿ ನಡೆಯಬೇಕು. ಹೊರೆ ಹೊತ್ತವರಿಗೆ ಹಿಂದೆ ತಿರುಗಿ ನೋಡಲು ಆಗುವುದಿಲ್ಲ. ಅಂದು ಸಂಜೆ ಬಿದ್ದದ್ದು ಎಮ್ಮೆ. ಅದರ ಹಿಂದೆ ಹತ್ತು ಹೆಜ್ಜೆ ದೂರದಲ್ಲಿ ಆ ತಾಯಿ ನಡೆಯುತ್ತಿದ್ದರು.

ಕಾನೂನು ಏನು ಹೇಳುತ್ತದೆ?

ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು, ಹೊಳೆ, ಹಳ್ಳ, ಕೆರೆಗಳ ಪಾತ್ರ ಯಾವುದೇ ಖಾಸಗಿಯವರ ಆಸ್ತಿ ಆಗಿರದಿದ್ದರೆ ಸರ್ಕಾರದ್ದು. ಅಂದರೆ ಗ್ರಾಮ ನಕಾಶೆಯಲ್ಲಿ ಸಾರ್ವಜನಿಕ ಬಂಡಿದಾರಿ ಎಂದು ತೋರಿಸಿದ ಜಾಗವನ್ನು ಪಕ್ಕದ ಹೊಲದವರು ಉತ್ತು ಸೇರಿಸಿಕೊಂಡರೆ ಅದು ಒತ್ತುವರಿಯೇ. ಅದೇ ಕಾಯ್ದೆಯ 71ನೇ ಕಲಮಿನಡಿ ಊರಿನ ದನಕ್ಕೆ ಉಚಿತವಾಗಿ ಮೇಯಲು ಜಾಗ ಕಾಯ್ದಿರಿಸಬಹುದು. ನಾವು ಗೋಮಾಳ ಎನ್ನುವುದು ಇದನ್ನೇ. 1966ರ ಭೂಕಂದಾಯ ನಿಯಮಗಳು ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆಯ ಲೆಕ್ಕ ಹೇಳುತ್ತವೆ. ಗೋಮಾಳ ಕಾಗದದ ಮೇಲೆ ಉಳಿದು, ಅಲ್ಲಿಗೆ ಹೋಗುವ ದಾರಿ ಹೋದರೆ ಆ ಗೋಮಾಳ ಇದ್ದೂ ಇಲ್ಲದಂತೆ.

ನಕಾಶೆಯಲ್ಲಿ ಇಲ್ಲದ ದಾರಿಗಳೂ ಇವೆ. ಒಬ್ಬರ ಹೊಲದ ಬದುವಿನ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ನಡೆದಿದ್ದರೆ 1882ರ ಅನುಭೋಗದ ಹಕ್ಕುಗಳ ಕಾಯ್ದೆಯ ಆಧಾರದಲ್ಲಿ ದಾವೆ ಹೂಡಲು ಅವಕಾಶವಿದೆ. ಆದರೆ ಅದು ಸಿವಿಲ್ ಕೋರ್ಟಿನ ದಾರಿ. ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಕುಳಿತು ಮಾತಾಡಿದರೆ ಮೇಲು.

ಬೇರೆ ದೇಶದ ಒಂದು ಮಾತು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಹೊಲ, ಹುಲ್ಲುಗಾವಲುಗಳ ನಡುವೆ ಜನ ನಡೆಯುವ ಕಾಲುದಾರಿಗಳನ್ನೆಲ್ಲ ನಕಾಶೆಯಲ್ಲಿ ದಾಖಲಿಸಬೇಕು ಎಂದು 1949ರಲ್ಲಿ ಕಾನೂನು ಮಾಡಿದರು. ದಾಖಲಾದ ದಾರಿಯನ್ನು ಜಮೀನಿನವರು ಮುಚ್ಚುವಂತಿಲ್ಲ. ಹಾಗೆಂದು ನಡೆಯುವವರು ಬೆಳೆ ತುಳಿಯುವಂತಿಲ್ಲ, ದಾರಿ ಬಿಟ್ಟು ಹೋಗುವಂತಿಲ್ಲ. ನನಗೆ ಹಿಡಿಸಿದ್ದು ಅವರ 1981ರ ಕಾನೂನಿನ ಒಂದು ಅಂಶ: ಹತ್ತು ತಿಂಗಳು ಮೀರಿದ, ಹಾಲಿನ ತಳಿಯ ಹೋರಿಯನ್ನು ಕಾಲುದಾರಿ ಹಾದುಹೋಗುವ ಹೊಲದಲ್ಲಿ ಬಿಡುವಂತಿಲ್ಲ. ದಾರಿಯೂ ಉಳಿಯಬೇಕು, ದನವೂ ಉಳಿಯಬೇಕು, ನಡೆಯುವವರೂ ಉಳಿಯಬೇಕು ಎಂದು ಮೂರನ್ನೂ ಯೋಚಿಸಿ ಬರೆದದ್ದು ಅದು.

ತಂತಿ ಹಾಕಿದವರ ಮಾತೂ ಕೇಳೋಣ

ತಂತಿ ಹಾಕಿದ ರೈತರೆಲ್ಲ ಕೆಟ್ಟವರಲ್ಲ. ಸಾಲ ಮಾಡಿ ಹಾಕಿದ ಮೆಣಸಿನಕಾಯಿ ಗಿಡವನ್ನು, ಹತ್ತಿಯನ್ನು ದನ ಒಂದೇ ಸಂಜೆಯಲ್ಲಿ ಮೇದು ಹೋದರೆ ಅವರ ಹೊಟ್ಟೆ ಉರಿಯುತ್ತದೆ. ಆ ಹೊಲದಲ್ಲಿ ಮೇದ ದನಕ್ಕೂ ಒಳ್ಳೆಯದಲ್ಲ. ಔಷಧಿ ಹೊಡೆದ ಗಿಡ ತಿಂದು ಜೊಲ್ಲು ಸುರಿಸುತ್ತಾ, ನಡುಗುತ್ತಾ ಬಿದ್ದ ದನಕ್ಕೆ ರಾತ್ರಿ ಹೊತ್ತು ಚಿಕಿತ್ಸೆ ಮಾಡಿದ್ದೇನೆ. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳ ತಿಂದ ದನ ಡಾಕ್ಟರು ಬರುವ ತನಕವೂ ಉಳಿಯದೆ ಹೋಗಬಹುದು.

ಹಾಗಾಗಿ ದಾರಿ ಕೇಳುವಾಗ ನಾವೂ ಒಂದು ಮಾತು ಕೊಡಬೇಕು. ಬೆಳೆ ಇರುವ ಕಾಲದಲ್ಲಿ ದಾರಿಯಲ್ಲಿ ದನದ ಬಾಯಿಗೆ ಕುಕ್ಕೆ ಕಟ್ಟುತ್ತೇವೆ. ಮಕ್ಕಳ ಕೈಗೆ ಹತ್ತು ದನ ಕೊಟ್ಟು ಕಳಿಸುವುದಿಲ್ಲ. ಬೆಳೆ ಹಾಳಾದರೆ ಸಂಘದ ಮುಂದೆ ಕುಳಿತು ತೀರ್ಮಾನ ಮಾಡುತ್ತೇವೆ. ಅವರು ತಮ್ಮ ಹೊಲಕ್ಕೆ ಬೇಲಿ ಹಾಕಿಕೊಳ್ಳಲಿ. ಬೇಲಿ ದಾರಿಯ ಎರಡು ಪಕ್ಕದಲ್ಲಿರಲಿ, ಅಡ್ಡ ಬೇಡ. ನೆಟ್ಟಗೆ ಬೇಲಿ ಇರುವ ದಾರಿಯಲ್ಲಿ ದನ ಹೊಡೆಯುವುದು ನಿಮಗೂ ಸುಲಭ.

ಅರಣ್ಯದ ಮಾತು ಬೇರೆ. ಕಾಯ್ದಿಟ್ಟ ಅರಣ್ಯ ಗೋಮಾಳವಲ್ಲ. ಕಾಡಿನಲ್ಲಿ ದನ ಮೇಯಿಸುವುದನ್ನು ನಿಲ್ಲಿಸಬೇಕೆಂಬ ವಿಷಯ 2025ರಲ್ಲಿ ರಾಜ್ಯದಲ್ಲಿ ದೊಡ್ಡ ಚರ್ಚೆಯಾದದ್ದು ನೆನಪಿರಬಹುದು. ಕಾಡಿನ ಅಂಚಿನ ಊರಿನವರು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೆಜ್ಜೆ ಇಡಬೇಕು. ದರೋಜಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. 1994ರಿಂದ ಅಲ್ಲಿ ಕರಡಿಧಾಮ ಇದೆ, ಸಂಜೆಯ ಮೇಲೆ ದಾರಿ ಕರಡಿಯದು. ಆದರೆ ಕಾಡು ನಮಗೆ ಮುಚ್ಚುತ್ತಾ ಬಂದಷ್ಟೂ ಊರೊಳಗಿನ ಗೋಮಾಳ ಮತ್ತು ಅದರ ದಾರಿಗೆ ಬೆಲೆ ಹೆಚ್ಚು.

ಗುಡ್ಡ ಹತ್ತಲು ಬರುವವರು

ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳು ಹಸಿರಾದ ಕೂಡಲೇ ಪಟ್ಟಣದವರು ಬರುತ್ತಾರೆ. ಇನ್ನು ಮುಂದೆ ಹೆಚ್ಚೇ ಬರುತ್ತಾರೆ. ಪಶ್ಚಿಮ ಘಟ್ಟದ ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಚಾರಣಿಗರ ನೂಕುನುಗ್ಗಲಾಗಿ, ಕೆಲವು ಕಾಲ ಚಾರಣವನ್ನೇ ನಿಲ್ಲಿಸಿ, ಆಮೇಲೆ ಆನ್‌ಲೈನಿನಲ್ಲಿ ಮೊದಲೇ ಟಿಕೆಟ್ ಪಡೆಯುವ ವ್ಯವಸ್ಥೆ ತಂದರು. ಅಲ್ಲಿ ಜಾಗ ಸಿಗದವರು ಇತ್ತ ಮುಖ ಮಾಡಿದರೆ ಆಶ್ಚರ್ಯವಿಲ್ಲ.

ಬರಲಿ. ಅವರಿಗೆ ಮಜ್ಜಿಗೆ, ರೊಟ್ಟಿ ಮಾರಿದರೆ ನಾಲ್ಕು ಕಾಸು ಬಂದೀತು. ಆದರೆ ಅವರಿಂದ ದನಕ್ಕೆ ಆಗಬಹುದಾದ ತೊಂದರೆಯನ್ನೂ ಈಗಲೇ ಯೋಚಿಸಿ. ತಿಂಡಿ ಕಟ್ಟಿಕೊಂಡು ಬಂದು ಬಿಸಾಡುವ ಪ್ಲಾಸ್ಟಿಕ್ ಚೀಲದಲ್ಲಿ ಉಪ್ಪು, ಎಣ್ಣೆಯ ವಾಸನೆ ಇರುತ್ತದೆ. ದನ ಅದನ್ನು ಚೀಲ ಸಮೇತ ನುಂಗುತ್ತದೆ. ಪ್ಲಾಸ್ಟಿಕ್ ಹೊಟ್ಟೆಯಲ್ಲಿ ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಹೊಟ್ಟೆ ಕೊಯ್ದು ಬಕೆಟ್‌ಗಟ್ಟಲೆ ಪ್ಲಾಸ್ಟಿಕ್ ತೆಗೆದ ದಿನಗಳು ನನ್ನ ಕೆಲಸದಲ್ಲಿವೆ. ಎಳೆಗರು ಇರುವ ಹಸು, ಎಮ್ಮೆ ನಾಯಿಯನ್ನು ಕಂಡರೆ ಹಾಯುತ್ತದೆ. ನಾಯಿ ಓಡಿ ಯಜಮಾನನ ಕಾಲ ಬಳಿ ಬಂದು ಸೇರಿಕೊಳ್ಳುತ್ತದೆ, ಪೆಟ್ಟು ಯಜಮಾನನಿಗೆ ಬೀಳುತ್ತದೆ. ಇಂಗ್ಲೆಂಡಿನ ಕಾಲುದಾರಿಗಳಲ್ಲಿ ಜನ ಗಾಯಗೊಂಡ, ಸತ್ತ ಘಟನೆಗಳಲ್ಲಿ ಹಲವು ಹೀಗೇ ಆದವು. ದಾರಿಯ ಬಾಯಲ್ಲಿ ಒಂದು ಹಲಗೆ ಸಾಕು: ಕಸ ವಾಪಸ್ ಒಯ್ಯಿರಿ, ನಾಯಿ ತರಬೇಡಿ, ಕರು ಮುಟ್ಟಬೇಡಿ, ಗೇಟು ತೆರೆದರೆ ಮುಚ್ಚಿ.

ಆದರೆ ಹಲಗೆ ಹಾಕಬೇಕಾದವರು ನೀವು. ದಾರಿ ಊರಿನದು ಎಂದು ಮೊದಲು ದಾಖಲಾಗಿದ್ದರೆ ತಾನೆ ನಿಯಮ ಹೇಳಲು ಬರುವುದು? ನಾಳೆ ಯಾರೋ ಬಂದು ಅದೇ ದಾರಿಗೆ ಗೇಟು ಹಾಕಿ, ಟಿಕೆಟ್ ಹರಿದು, "ಎಮ್ಮೆ ಬಿಡಬೇಡಮ್ಮ, ಜನ ಬರ್ತಾರೆ" ಎಂದು ನಿಮಗೇ ಹೇಳುವ ದಿನ ಬರಬಾರದು.

ಈ ತಿಂಗಳ ಕೆಲಸ

ಒಂದು, ನಿಮ್ಮ ಊರಿನ ಗ್ರಾಮ ನಕಾಶೆ ಪಡೆಯಿರಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಸಂಘದ ಕಾರ್ಯದರ್ಶಿಯೋ ಓದುವ ಮಕ್ಕಳೋ ತೆಗೆದುಕೊಡುತ್ತಾರೆ. ನಿಂತ ಜಾಗದ ಸರ್ವೆ ನಂಬರು ತಿಳಿಯಲು ಫೋನಿನಲ್ಲಿ 'ದಿಶಾಂಕ್' ಆ್ಯಪ್ ಇದೆ.

ಎರಡು, ಒಂದು ಬೆಳಿಗ್ಗೆ ಹಾಲು ಹಾಕಿದ ಮೇಲೆ ಹತ್ತು ಜನ ಒಟ್ಟಿಗೆ ಆ ದಾರಿಯಲ್ಲಿ ನಡೆಯಿರಿ. ಊರ ಹಿರಿಯ ಹೆಂಗಸರನ್ನು ಕರೆದುಕೊಂಡು ಹೋಗಿ. ಯಾವ ಬೇವಿನ ಮರದ ಹತ್ತಿರ ತಿರುವು, ಎಲ್ಲಿ ದನ ನೀರು ಕುಡಿಯುತ್ತಿತ್ತು ಎಂಬುದು ಅವರಿಗೆ ಗೊತ್ತು. ಎಲ್ಲಿ ಮುಚ್ಚಿದೆ, ಎಲ್ಲಿ ಕಿರಿದಾಗಿದೆ, ಎಲ್ಲಿ ಮರಳು ತೆಗೆದ ಗುಂಡಿ ಬಿದ್ದಿದೆ ಎಂದು ಸರ್ವೆ ನಂಬರಿನ ಸಮೇತ ಬರೆದುಕೊಳ್ಳಿ, ಫೋಟೋ ತೆಗೆಯಿರಿ.

ಮೂರು, ಸಂಘದ ಸಭೆಯಲ್ಲಿ ಠರಾವು ಮಾಡಿ. ಮಾತು ಉದ್ದ ಬೇಡ. "ನಮ್ಮ ಗ್ರಾಮದಿಂದ ಗೋಮಾಳಕ್ಕೆ ಮತ್ತು ಹಳ್ಳಕ್ಕೆ ಹೋಗುವ ದಾರಿಯನ್ನು ಅಳತೆ ಮಾಡಿಸಿ, ಗುರುತಿನ ಕಲ್ಲು ಹಾಕಿಸಿ, ಒತ್ತುವರಿ ಇದ್ದರೆ ತೆರವು ಮಾಡಿಕೊಡಬೇಕು" ಎಂದು ಬರೆದು ಎಲ್ಲರೂ ಸಹಿ ಮಾಡಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ತಹಸೀಲ್ದಾರರಿಗೆ. ಕೊಟ್ಟದ್ದಕ್ಕೆ ಸ್ವೀಕೃತಿ ಕೇಳಿ ಪಡೆಯಿರಿ. ಗ್ರಾಮಸಭೆಯಲ್ಲಿ ಎದ್ದು ನಿಂತು ಅದೇ ಮಾತು ಹೇಳಿ. 'ನಮ್ಮ ಹೊಲ ನಮ್ಮ ದಾರಿ' ಎಂದು ಉದ್ಯೋಗ ಖಾತ್ರಿಯಲ್ಲಿ ಹೊಲದ ದಾರಿ ಸರಿ ಮಾಡಿಸಿಕೊಂಡ ಊರುಗಳು ನಮ್ಮ ರಾಜ್ಯದಲ್ಲಿವೆ.

ನಾಲ್ಕು, ಅಲ್ಲಿಯವರೆಗೆ ದನವನ್ನು ದೊಡ್ಡ ರಸ್ತೆಯಲ್ಲಿ ಹೊಡೆಯಲೇಬೇಕಾದರೆ ಬೆಳಕಿರುವಾಗಲೇ ವಾಪಸ್ ಬನ್ನಿ, ಮುಂದೊಬ್ಬರು ಹಿಂದೊಬ್ಬರು ಇರಿ. ಕಿವಿಯೋಲೆ ಬಿದ್ದಿದ್ದರೆ ಇವತ್ತೇ ಹೇಳಿ, ನಾನೋ ನಮ್ಮ ಸಿಬ್ಬಂದಿಯೋ ಬಂದು ಹಾಕುತ್ತೇವೆ.

ಒಬ್ಬ ಹೆಂಗಸು ಹೋಗಿ ತಂತಿ ಬಿಚ್ಚಿ ಎಂದರೆ ಜಗಳವಾಗುತ್ತದೆ. ಐವತ್ತು ಸದಸ್ಯೆಯರ ಸಂಘ ಹೋಗಿ ನಕಾಶೆ ಬಿಡಿಸಿ ತೋರಿಸಿದರೆ ಮಾತುಕತೆಯಾಗುತ್ತದೆ. ಹಾಲಿಗೆ ಸರಿಯಾದ ಬೆಲೆ ಬೇಕೆಂದು ಒಟ್ಟಾದವರು ನಾವು. ದಾರಿಗೂ ಒಟ್ಟಾಗೋಣ.

ಎಮ್ಮೆ ಕಳೆದುಕೊಂಡ ಆ ತಾಯಿ ಈಗ ಸಂಘದಿಂದ ಮುಂಗಡ ಪಡೆದು ಒಂದು ಪಡ್ಡೆ ಕಟ್ಟಿದ್ದಾರೆ. ಮೊನ್ನೆ ಗರ್ಭ ಪರೀಕ್ಷೆಗೆ ಹೋದಾಗ, "ಡಾಕ್ಟ್ರಮ್ಮ, ಇದು ಈಯೋದ್ರೊಳಗ ದಾರಿ ಬಿಡ್ತಾರೇನು?" ಎಂದು ಕೇಳಿದರು. ಪಡ್ಡೆಗೆ ಈಗ ನಾಲ್ಕು ತಿಂಗಳು. ಎಮ್ಮೆ ಈಯಲು ಹತ್ತು ತಿಂಗಳು. ಅರ್ಜಿ ಬರೆಯಲು ಇನ್ನೂ ಆರು ತಿಂಗಳಿದೆ ಎಂದೆ. "ಹಂಗಾದ್ರ ಮುಂದಿನ ಮೀಟಿಂಗಿಗೆ ನೀವೂ ಬರ್ರಿ" ಎಂದರು. ಹೋಗುತ್ತಿದ್ದೇನೆ. ನಿಮ್ಮ ಊರಿನಲ್ಲಿ ಸಭೆ ಕರೆದರೆ ಅಲ್ಲಿಗೂ ಬರುತ್ತೇನೆ.